ಶಿವನಂಜನ ಆಪರೇಷನ್

ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆಂದು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ನನಗೆ ಅರ್ಧ ಕಾಯಿಲೆ, ಅರ್ಧ ಚಟ. ಮೂವತ್ತು ವರ್ಷ ಆರೋಗ್ಯ ಇಲಾಖೆಯ ಉಪ್ಪು ತಿಂದವನು ನಾನು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ಸ್ವಂತ ಮನೆಗೆ ಬಂದಂತಾಗುತ್ತದೆ. ಮೊನ್ನೆ ಮಾತ್ರೆ ಕೊಡುವ ಕಿಟಕಿಯ ಪಕ್ಕ ಹೊಸದೊಂದು ಮೇಜು ಹಾಕಿದ್ದರು. ಮೇಜಿನ ಹಿಂದೆ ಒಬ್ಬಳು ಹುಡುಗಿ, ಮೇಲೊಂದಷ್ಟು ಕರಪತ್ರ, ಗೋಡೆಗೆ ಅಂಟಿಸಿದ ಒಂದು ಕಾಗದ. ಕನ್ನಡಕ ಹಾಕಿಕೊಂಡು ಓದಿದೆ. ಗಂಡಸನ್ನು ಇಷ್ಟಪಡುವ ಗಂಡಸರು, ಹೆಂಗಸನ್ನು ಇಷ್ಟಪಡುವ ಹೆಂಗಸರು, ಮಂಗಳಮುಖಿಯರು, ಯಾರೇ ಆಗಲಿ ಇಲ್ಲಿ ಬಂದು ಮಾತಾಡಬಹುದು, ಇದು ಕಾಯಿಲೆಯಲ್ಲ ಎಂದಿತ್ತು. ಸಾಲಿನಲ್ಲಿ ಹಿಂದಿದ್ದವರು, ಮುಂದಕ್ಕೆ ಹೋಗಿ ಯಜಮಾನ್ರೇ, ಅಂದರು. ನಾನು ಅದೇ ಕಾಗದವನ್ನು ಇನ್ನೊಮ್ಮೆ ಓದುತ್ತಾ ನಿಂತೆ.

ನನ್ನ ಕೆಲಸ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಎಪ್ಪತ್ತರ ದಶಕ. ಶೆಟ್ಟಿಕೆರೆ ಸುತ್ತಿನ ಒಂದಷ್ಟು ಹಳ್ಳಿ ನನ್ನ ಪಾಲಿಗಿದ್ದವು. ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯಬೇಕು, ಬಂದುಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಕು ಬರೆದು ರುಜು ಹಾಕಬೇಕು. ಅಷ್ಟೇ ಆಗಿದ್ದರೆ ಒಳ್ಳೆಯವನೆನಿಸಿಕೊಂಡು ರಿಟೈರಾಗುತ್ತಿದ್ದೆ. ಆಮೇಲೆ ಬಂತಲ್ಲ, ಕುಟುಂಬ ಯೋಜನೆಯ ಭರಾಟೆ. ಇಷ್ಟು ಗಂಡಸರನ್ನು ಆಪರೇಷನ್ನಿಗೆ ಕರೆತರಬೇಕು, ತರದಿದ್ದರೆ ಎಲ್ಲಿಗೋ ಎತ್ತಿಹಾಕುತ್ತಾರೆ. ಕರೆತಂದ ಒಬ್ಬೊಬ್ಬನೂ ನಮ್ಮ ಭಾಷೆಯಲ್ಲಿ ಒಂದು 'ಕೇಸು'. ನನ್ನ ಸೈಕಲ್ ಬೆಲ್ಲು ಕೇಳಿಸಿದರೆ ಸಾಕು, ಊರ ಗಂಡಸರು ರಾಗಿ ಹೊಲಕ್ಕೆ ಇಳಿದುಬಿಡುತ್ತಿದ್ದರು.

ಅವರದೇನು ತಪ್ಪು ಬಿಡಿ. ದನ ಕಟ್ಟಿ ಬದುಕಿದ ಜನ. ಹೋರಿಗೆ ಬೀಜ ಒಡೆಸಿದರೆ ಏನಾಗುತ್ತದೆ ಅಂತ ಎಳೆಮಕ್ಕಳಿಗೂ ಗೊತ್ತು. ಆಪರೇಷನ್ ಅಂದರೂ ಅದೇ ಅಂತ ಅವರ ನಂಬಿಕೆ. ನಾನು ಅರಳಿಕಟ್ಟೆಯ ಮೇಲೆ ನಿಂತು, ಏನೂ ಬದಲಾಗಲ್ಲ ಕಣ್ರಪ್ಪ, ಗಂಡಸ್ತನ ಎಲ್ಲೂ ಹೋಗಲ್ಲ ಅಂತ ಗಂಟಲು ಹರಿಯುವಂತೆ ಸಾರುತ್ತಿದ್ದೆ. ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಿದ್ದೆನೆಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಂಥ ಕಾಲದಲ್ಲಿ ಒಬ್ಬನೇ ಒಬ್ಬ ತಾನಾಗಿ ಬಂದ. ಶಿವನಂಜ. ತೆಂಗಿನ ತೋಟದ ಮನೆತನ, ತಂದೆ ಇರಲಿಲ್ಲ, ತಾಯಿಯದೇ ಯಜಮಾನಿಕೆ. ಇಪ್ಪತ್ತಾರರ ಪ್ರಾಯ, ಮೆತ್ತನೆ ಮಾತು. ಕಾಯಿಯನ್ನು ವರ್ಷವಿಡೀ ಅಟ್ಟದಲ್ಲಿಟ್ಟು ಒಣಗಿಸಿ ಕೊಬ್ಬರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವತ್ತು ನಾನು ಅವರ ಗೋಡೆಯ ಮೇಲೆ ತಾರೀಕು ಬರೆಯುತ್ತಿದ್ದೆ. ಕೈಯಲ್ಲೊಂದು ಕಾಯಿ ಹಿಡಿದುಕೊಂಡೇ ಬಂದು, ನನಗೆ ಆಪರೇಷನ್ ಮಾಡಿಸಿ ಅಂದ. ನಿನಗಿನ್ನೂ ಮದುವೆಯೇ ಆಗಿಲ್ಲವಲ್ಲೋ ಅಂದೆ. ಅದಕ್ಕೇ ಅಂದ.

"ಅವ್ವ ಹೆಣ್ಣು ಗೊತ್ತು ಮಾಡವ್ಳೆ ಸ್ವಾಮಿ. ನಂಗೆ ಹೆಂಗಸರ ಮೇಲೆ ಮನಸ್ಸೇ ಹೋಗಲ್ಲ. ಹಂದನಕೆರೆಯಿಂದ ಕಾಯಿ ಸುಲಿಯಾಕೆ ಬತ್ತನಲ್ಲ ರಾಜಣ್ಣ, ಅವನು ಬಂದ್ರೆ ನಂಗೆ ಹಬ್ಬ. ಇದನ್ನ ಯಾರ್ಗೂ ಹೇಳಿಲ್ಲ, ನಿಮಗೇ ಹೇಳ್ತಿರೋದು. ಬೀಜ ಒಡೆದ ಎತ್ತಿನ ಹತ್ರಕ್ಕೆ ಯಾರೂ ಹಸ ಹೊಡ್ಕೊಂಡು ಬರಲ್ಲ. ನನ್ನೂ ಹಂಗ್ ಮಾಡ್ಬುಡಿ."

ಜ್ವರಕ್ಕೆ ಇಂತಿಷ್ಟು ಗುಳಿಗೆ, ಭೇದಿಗೆ ಇಂಥದು ಅಂತ ನನ್ನ ಚೀಲದಲ್ಲೊಂದು ಪುಸ್ತಕವಿತ್ತು. ಇದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಿನ್ನಂಥವರು ಬೇರೆಯವರೂ ಇದ್ದಾರೆ ಕಣಪ್ಪ ಅನ್ನಲು ಪುಸ್ತಕ ಬೇಕಿರಲಿಲ್ಲ, ನಿಜ. ಆದರೆ ಅಷ್ಟೂ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಆ ಸೀಮೆಯಲ್ಲೇ ಯಾರೂ ಇರಲಿಲ್ಲ. ನನ್ನ ನಾಲಗೆಗೆ ಬಂದದ್ದು ಅದೇ ಹಳೇ ಪಾಠ: ಆಪರೇಷನ್ನಿಂದ ಏನೂ ಬದಲಾಗಲ್ಲ. ಆ ಮಾತು ಕೇಳಿ ಮುಖ ಸಪ್ಪೆ ಮಾಡಿಕೊಂಡವನು ನನ್ನ ಸರ್ವೀಸಿನಲ್ಲಿ ಅವನೊಬ್ಬನೇ. ಪಾಪ ಅನ್ನಿಸಿತು, ಸಮಾಧಾನಕ್ಕೆಂದು ತಮಾಷೆ ಮಾಡಿದೆ. ಮದುವೆಯಾಗು, ಎಲ್ಲ ಸರಿಹೋಗುತ್ತೆ, ಎರಡು ಮಕ್ಕಳಾದ ಮೇಲೆ ಬಾ, ಮೊದಲನೇ ಕೇಸು ನಿಂದೇ ಅಂತ ಬೆನ್ನು ತಟ್ಟಿ ಸೈಕಲ್ ಹತ್ತಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮರೆತೂಬಿಟ್ಟೆ.

ಅವನು ಮರೆತಿರಲಿಲ್ಲ. ಆರು ವರ್ಷವಾದ ಮೇಲೆ ಒಂದು ಕ್ಯಾಂಪಿನ ದಿನ ಬಿಳಿ ಪಂಚೆಯುಟ್ಟು ಬಂದು ನನ್ನ ಮುಂದೆ ನಿಂತ. ತಲೆ ಆಗಲೇ ನರೆತಿತ್ತು.

"ಎರಡಾದ್ವು ಸ್ವಾಮಿ," ಅಂದ.

ಹಳೆಯದೆಲ್ಲ ಥಟ್ಟನೆ ನೆನಪಾಯಿತು. ಹೆಂಡತಿ ಗೌರಮ್ಮ ಒಳ್ಳೆಯವಳೆಂದ. ಅವಳ ಮುಂದೆ ತಾನು ಕಳ್ಳನ ಹಾಗೆ ಬದುಕುತ್ತಿರುವುದಾಗಿಯೂ, ಪ್ರತಿ ಸಲ ಆ ಕೋಣೆಯ ಹೊಸ್ತಿಲು ದಾಟುವಾಗ ಸತ್ತು ಹುಟ್ಟುವುದಾಗಿಯೂ ಹೇಳಿದ. ಆಪರೇಷನ್ನಿಂದ ಏನೂ ಆಗುವುದಿಲ್ಲ ಅಂತ ಈಗ ಅವನಿಗೂ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಬೇರೆ.

"ಏನೂ ಆಗಲ್ಲ ಅನ್ನೋದನ್ನ ನಮ್ಮನೇಲಿ ಮಾತ್ರ ಹೇಳ್ಬೇಡಿ. ಆಪರೇಷನ್ ಆಗಿ ಕೈಲಾಗ್ದೋನಾದ ಅಂತ ಅಂದ್ಕಳ್ಳಿ. ಅವಳಿಗೂ ಬೇಜಾರಿಲ್ಲ, ನಂಗೂ ಇಲ್ಲ. ಅಟ್ಟದ ಕೆಳಗೆ ನನ್ ಪಾಡಿಗೆ ನಾನು ಮಲಿಕ್ಕಂತೀನಿ."

ಆಗಲಿ ಅಂದೆ. ಕೇಸು ಬರೆದುಕೊಂಡೆ. ಆ ವರ್ಷದ ನನ್ನ ಟಾರ್ಗೆಟ್ ಅವನಿಂದಲೇ ಮುಗಿಯಿತು.

ಎರಡು ತಿಂಗಳು ಎಲ್ಲ ನೆಟ್ಟಗಿತ್ತು. ಆಮೇಲೆ ಆ ಊರಿನಲ್ಲಿ ಗುಸುಗುಸು ಶುರುವಾಯಿತು. ಶಿವನಂಜ ಹೆಂಡತಿಯ ಹತ್ತಿರ ಸುಳಿಯುವುದಿಲ್ಲವಂತೆ, ಸರ್ಕಾರದೋರು ಅವನನ್ನು ಎತ್ತು ಮಾಡಿಬಿಟ್ಟರಂತೆ ಅಂತ. ಮುಂದಿನ ಕ್ಯಾಂಪಿಗೆ ಒಪ್ಪಿದ್ದ ಇಬ್ಬರು ಹೆಸರು ತೆಗೆಸಿಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಬೇಕಾದಷ್ಟು ಬೈಗುಳ ತಿಂದು ಕಟ್ಟಿದ ನಂಬಿಕೆ ಇವನೊಬ್ಬನಿಂದ ಮಣ್ಣುಪಾಲಾಯಿತಲ್ಲ ಅಂತ ಸೈಕಲ್ ತುಳಿದುಕೊಂಡು ಹೋದೆ.

ಜಗುಲಿಯಲ್ಲಿ ತಾಯಿ, ಬಾಗಿಲ ಸಂದಿಯಲ್ಲಿ ಗೌರಮ್ಮ, ಕಣದ ಹತ್ತಿರ ಅಕ್ಕಪಕ್ಕದ ನಾಲ್ಕು ಜನ. ಶಿವನಂಜ ಅಂಗಳದ ಮೂಲೆಯಲ್ಲಿ ಕೂತು ಮಚ್ಚಿನಿಂದ ಟಕಟಕ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದ. ನನ್ನ ಮಗನನ್ನು ಹಾಳು ಮಾಡಿದೆ ಅಂತ ಮುದುಕಿ ಮಣ್ಣು ತೂರಿದಳು. ಗೌರಮ್ಮ ತಲೆಯೆತ್ತದೆ, ನನ್ನ ಮುಖಾನೇ ನೋಡಲ್ಲ ಸಾರ್ ಅಂದಳು. ಒಬ್ಬೊಬ್ಬರಿಗೆ ಹಂಗಾಗುತ್ತಮ್ಮ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟೇ ಅಷ್ಟು. ನಾನು ಕಣದಲ್ಲಿದ್ದವರಿಗೂ ಕೇಳಿಸುವ ಹಾಗೆ ದನಿಯೇರಿಸಿದೆ.

"ಆಪರೇಷನ್ನಿಂದ ಏನೂ ಬದಲಾಗಲ್ಲ ತಾಯಿ. ಇವನು ಮೊದಲಿಂದಲೂ ಹಿಂಗೇ. ಮದುವೆಗೆ ಮುಂಚೆನೇ ಇವನೇ ನನ್ನ ಹತ್ರ ಹೇಳಿದ್ದ, ಆ ಕಾಯಿ ಸುಲಿಯೋ ರಾಜಣ್ಣನ ಮೇಲೆ ಇವನ ಮನಸ್ಸು."

ಟಕಟಕ ನಿಂತಿತು. ನಾನು ಆ ಮೂಲೆಯ ಕಡೆ ತಿರುಗಲಿಲ್ಲ, ತಿರುಗುವ ಧೈರ್ಯವಿರಲಿಲ್ಲ. ಅಭ್ಯಾಸಬಲ ನೋಡಿ, ಗೋಡೆಯ ಮೇಲೆ ತಾರೀಕು ಬರೆದು ರುಜು ಹಾಕಿಯೇ ಹೊರಟೆ.

ನಾಲ್ಕನೇ ದಿನ ಅವನನ್ನು ತೋಟದ ಬಾವಿಯಿಂದ ತೆಗೆದರು. ಹೊಟ್ಟೆನೋವು ಅಂತ ಬರೆಸಿದರು. ಆ ವರ್ಷ ಸುಲಿಯಲು ಬಂದ ರಾಜಣ್ಣನನ್ನು ಊರ ಬಾಗಿಲಲ್ಲೇ ಬೈದು ಅಟ್ಟಿದರಂತೆ, ಅತ್ತು ಹಗುರಾಗಲು ಅವನಿಗೊಂದು ಜಾಗವಾದರೂ ಸಿಕ್ಕಿತೋ ಇಲ್ಲವೋ. ಹೆಸರು ತೆಗೆಸಿದ್ದ ಇಬ್ಬರೂ ವಾಪಸು ಬಂದು ಆಪರೇಷನ್ ಮಾಡಿಸಿಕೊಂಡರು, ದೊಡ್ಡ ಡಾಕ್ಟರು ನನ್ನನ್ನು ಹೊಗಳಿದರು. ಸೂತಕದ ಮನೆಯೆಂದು ಆ ವರ್ಷ ಅವರು ಸುಣ್ಣ ಬಳಿಯಲಿಲ್ಲ. ನನ್ನ ರುಜು ವರ್ಷವಿಡೀ ಬಾಗಿಲ ಪಕ್ಕದಲ್ಲೇ ಇತ್ತು. ಗೌರಮ್ಮ ಎದುರಾದಾಗಲೆಲ್ಲ ನಾನು ಸೈಕಲ್ ಇಳಿದು ಚೈನು ಸರಿಮಾಡುವವನ ಹಾಗೆ ಬಗ್ಗಿಬಿಡುತ್ತಿದ್ದೆ.

ಇದು ಯಾರ ಹತ್ತಿರವೂ ಆಡಿದ ಮಾತಲ್ಲ, ಹೆಂಡತಿಯ ಹತ್ತಿರವೂ. ಮೊನ್ನೆ ಆ ಮೇಜಿನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಹುಡುಗಿಯೇ ಎದ್ದು ಬಂದು ಕುರ್ಚಿ ಕೊಟ್ಟಳು. ಯಾರಿಗೆ ಬೇಕಾಗಿತ್ತು ಸಾರ್ ಅಂದಳು. ಶೆಟ್ಟಿಕೆರೆ ಕಡೆ ಒಬ್ಬ ಇದ್ದಾನಮ್ಮ ಅಂದೆ. ವಯಸ್ಸು ಕೇಳಿದಳು. ಮೂವತ್ತೆರಡು ಅಂದೆ. ಅಲ್ಲಿಂದ ಮುಂದೆ ಅವನಿಗೆ ವಯಸ್ಸಾಗಿಲ್ಲ.

"ಕರ್ಕೊಂಡು ಬನ್ನಿ ಸಾರ್, ಒಂದ್ಸಲ ಮಾತಾಡ್ಲಿ," ಅಂದಳು. "ಮನೇಲಿ ಗೊತ್ತಾಗುತ್ತೆ ಅನ್ನೋ ಭಯ ಬೇಡ ಅಂತ ಹೇಳಿ. ಇಲ್ಲಿ ಹೇಳಿದ್ದನ್ನ ನಾವು ಯಾರಿಗೂ ಹೇಳಲ್ಲ."

ಕರಪತ್ರ ನನ್ನ ಕೈಯಲ್ಲಿಟ್ಟಳು. ಅದನ್ನು ಮಡಿಸಿ ಮೇಜಿನ ಮೇಲೆ ವಾಪಸು ಇಟ್ಟೆ.

"ನಾನು ಹೇಳ್ಬುಟ್ಟೆ ಕಣಮ್ಮ," ಅಂದೆ.