ಫೂರ್ನಿಯೆಯ ಬರಿ

ಈ ಅರಬ್ ನಾಡಿನಲ್ಲಿ ನಾವಿರುವ ಬಡಾವಣೆ ಐನ್ ಖಾಲಿದಿನ ರೊಟ್ಟಿ ಅಂಗಡಿಯ ಮುಂದೆ ಬಿಸಿ ಖುಬೂಸ್ ರೊಟ್ಟಿಯ ವಾಸನೆ ಬಂದರೆ, ಹಸಿವಾಗುವ ಮೊದಲು ನನಗೆ ಫೂರ್ನಿಯೆ ನೆನಪಾಗುತ್ತಾನೆ. ನಿನ್ನೆ ಸಂಜೆಯೂ ಹಾಗೇ ಆಯಿತು. ರೊಟ್ಟಿ ಒಂದು ನೆಪ. ಮನೆಯಿಂದ ತುಸು ಹೊತ್ತು ಹೊರಗಿದ್ದರೆ ಸಾಕಾಗಿತ್ತು. ಮಗಳು ಮೆಚ್ಚಿದ ಹುಡುಗನದೂ ಅವಳದೂ ಒಂದೇ ಬರಿ. ತುಳುವರಾದ ನಮ್ಮಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಹೆಂಡತಿ ಅಳುತ್ತಾಳೆ, ಮಗಳು ಮಾತು ಬಿಟ್ಟಿದ್ದಾಳೆ. ಅತ್ತ ಹೂಂ, ಇತ್ತ ಹೂಂ ಎನ್ನುತ್ತ ನನಗಂತೂ ಸುಸ್ತಾಗಿದೆ. ಈ ವಯಸ್ಸಿನಲ್ಲಿ ಪಂಚಾಯಿತಿಗೆ ಕೂರುವುದಕ್ಕಿಂತ ರೊಟ್ಟಿಗೆ ಸಾಲು ನಿಲ್ಲುವುದು ಸುಲಭ ಅಲ್ಲವೇ, ನೀವೇ ಹೇಳಿ.

ಫೂರ್ನಿಯೆ ಎಂಬುದು ಮನೆತನದ ಹೆಸರು. ತೊಂಬತ್ತರ ದಶಕದಲ್ಲಿ, ನಾನು ಇಲ್ಲೇ ಹತ್ತಿರದ ಮೆಸಯೀದಿನ ಕಾರ್ಖಾನೆಯಲ್ಲಿದ್ದಾಗ, ಅವನು ನಮ್ಮ ಫ್ರೆಂಚ್ ಇಂಜಿನಿಯರ್. ಮಾತು ಕಡಿಮೆ, ಸಿಗರೇಟು ಜಾಸ್ತಿ. ಒಂದು ಚಳಿಗಾಲದಲ್ಲಿ ಆಫೀಸಿಗೆ ಫ್ರಾನ್ಸಿನಿಂದಲೇ ಒಬ್ಬ ಹುಡುಗಿ ಬಂದಳು. ಅವಳ ಹೆಸರಿನ ಕೊನೆಗೂ ಫೂರ್ನಿಯೆ. ನಾನೂ ನನ್ನ ರೂಮಿನ ಜತೆಗಾರ, ವೆಲ್ಡರ್ ಶೀನಣ್ಣನೂ ಕಂಪನಿ ಬಸ್ಸಿನಲ್ಲೇ ಇವರು ಅಣ್ಣ ತಂಗಿ ಎಂದು ಗಟ್ಟಿ ಮಾಡಿಬಿಟ್ಟೆವು.

“ತಂಗಿ ಬಂದದ್ದು ಒಳ್ಳೇದಾಯ್ತು ಮಾರಾಯ, ಪಾಪ, ಒಬ್ಬನೇ ಇದ್ದ,” ಎಂದರು ಶೀನಣ್ಣ.

ಊರಿಂದ ಹಲ್ವ ಬಂದರೆ ಫೂರ್ನಿಯೆ ಸಾರ್‌ಗೆ ಒಂದು ಪಾಲು, ತಂಗಿಗೊಂದು ಪಾಲು. ಇಬ್ಬರೂ ಸಮುದ್ರದ ದಂಡೆಯಲ್ಲಿ ನಡೆದು ಹೋಗುವುದನ್ನು ಕಂಡರೆ, ಒಡಹುಟ್ಟಿದವರೆಂದರೆ ಹೀಗಿರಬೇಕು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಇಂಥ ಪೆದ್ದರು ಆ ಮರಳುಗಾಡಿನಲ್ಲಿ ಬೇರೆ ಇದ್ದಿರಲಾರರು.

ಒಂದು ಮಧ್ಯಾಹ್ನ ಫೂರ್ನಿಯೆ ಕೇಕು ಹಂಚಿದ. ಅವಳನ್ನು ಮದುವೆಯಾಗುತ್ತೇನೆ ಎಂದ. ಶೀನಣ್ಣ ಬಾಯಿಗಿಟ್ಟ ತುಂಡನ್ನು ನುಂಗಲಾರದೆ ನಿಂತರು.

“ಛೆ ಛೆ! ಒಂದೇ ಬರಿ ಅಲ್ವಾ ಇವರದ್ದು? ಹೇಳು ಅವನಿಗೆ, ನಿನಗೆ ಇಂಗ್ಲಿಷ್ ಬರ್ತದಲ್ಲ.”

ತೊದಲುತ್ತ ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ವಿವರಿಸಿದ. ಹಿಂದೆ ಅವರ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿ ಒಂದೇ ದೊಡ್ಡ ಒಲೆಯಂತೆ. ಮನೆಮನೆಯವರು ಹಿಟ್ಟು ನಾದಿ ತರುತ್ತಿದ್ದರು. ಅದನ್ನು ಸುಟ್ಟುಕೊಡುವವನೇ ಫೂರ್ನಿಯೆ. ಊರೂರಿಗೂ ಒಲೆ, ಊರೂರಿಗೂ ಒಬ್ಬ ಫೂರ್ನಿಯೆ. ಹಾಗಾಗಿ ಫ್ರಾನ್ಸಿನ ಯಾವ ಮೂಲೆಗೆ ಹೋದರೂ ಆ ಹೆಸರಿನವರು ಸಿಗುತ್ತಾರೆ. ಹಡಗು ಹತ್ತಿ ಕೆನಡಾ ಸೇರಿದವರೂ ಇದ್ದಾರೆ.

“ನನ್ನವರು ಉತ್ತರದವರು, ಅವಳವರು ದಕ್ಷಿಣದವರು. ಎಲ್ಲರೂ ರೊಟ್ಟಿ ಸುಡುತ್ತಿದ್ದರು, ಅಷ್ಟೇ. ಒಬ್ಬರ ಮುಖ ಒಬ್ಬರು ಕಂಡವರಲ್ಲ,” ಎಂದ. ಮತ್ತೆ ಕುತೂಹಲದಿಂದ ಕೇಳಿದ, “ನಿಮ್ಮ ಬರಿಯವರಿಗೆಲ್ಲ ಮೂಲದ ಅಜ್ಜಿ ಒಬ್ಬಳೇ ಎಂದು ನಿಮಗೆ ಹೇಗೆ ಗೊತ್ತು?”

ನಾನು ಶೀನಣ್ಣನ ಮುಖ ನೋಡಿದೆ. ಅವರು ಕೇಕು ನುಂಗಿದರು.

“ಯಲ್ಲಾ, ನಡಿ ನಡಿ, ಬಸ್ಸು ಬಂತು,” ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ನಾನು ಮತ್ತೆ ಹೋಗಿರಲಿಲ್ಲ. ನಿನ್ನೆ ಬಿಸಿ ರೊಟ್ಟಿಯ ಕಟ್ಟು ಹಿಡಿದು ಮನೆ ಸೇರಿದಾಗ ಮಗಳು ಬಾಗಿಲು ತೆಗೆದಳು. ಅತ್ತು ಅತ್ತು ಮುಖ ಊದಿತ್ತು. ಈ ಸಲ ಓಡಿ ಹತ್ತಲು ಬಸ್ಸು ಇರಲಿಲ್ಲ.

“ಹುಡುಗನ ಮನೆಯವರಿಗೆ ಫೋನ್ ಮಾಡು. ಶುಕ್ರವಾರ ಊಟಕ್ಕೆ ಬರ್ಲಿ,” ಎಂದೆ.

“ಬರಿಗೆ ಎಂತ ಮಾಡುದು?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ನಿನ್ನ ಬರಿಯ ಮೂಲದ ಅಜ್ಜಿ ಯಾರು? ಹೆಸರು ಹೇಳು ನೋಡುವ.”

ನಾನು ಕುಳಿತೆ, ಕಾಲು ನೋಯುತ್ತಿತ್ತು. ಹೆಂಡತಿ ಬಂದು ರೊಟ್ಟಿ ಮುರಿದು ಮೊದಲು ಮಗಳ ತಟ್ಟೆಗೆ ಹಾಕಿದಳು.

“ಅವರು ಎಷ್ಟು ಜನ ಬರ್ಬಹುದು?” ಎಂದಳು, ನನ್ನ ಮುಖ ನೋಡದೆ.