ಎಸ್‌ಎಸ್‌ಗೆ ಮೆಲ್ಲ

ಆಗೆಲ್ಲ ಮೇ ತಿಂಗಳ ರಜೆ ಬಂತೆಂದರೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಅರ್ಧ ಮಕ್ಕಳು ಊರಿಗೆ ಹೋಗುತ್ತಿದ್ದರು. ನನಗೆ ಊರು ಬೇಡ, ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸರಳು ತಿರುಗಿಸಿ ಕಡೆಯುವ ಅಪ್ಪನ ಲೇತ್ ಯಂತ್ರ ಇತ್ತಲ್ಲ! ತಗಡಿನ ಶೆಡ್ಡು, ಒಳಗೆ ಟೂಲು ತಣಿಸುವ ಹಾಲಿನಂಥ ಕೂಲೆಂಟಿನ ಹುಳಿ ವಾಸನೆ, ಹೊರಗೆ ಕೆಮಿಕಲ್ ಕಂಪನಿಗಳ ಘಾಟು, ನಡುವೆ ಅಮ್ಮನ ಡಬ್ಬಿಯ ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿ. ಇದಕ್ಕಿಂತ ಒಳ್ಳೆಯ ರಜೆ ಉಂಟೆಂದು ಯಾರಾದರೂ ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಹಿಡಿದು ಮೂಲೆಯ ಸರಳುಗಳನ್ನು ಪರೀಕ್ಷಿಸುವುದು ನನ್ನ ಆಟ. ಅಂಟಿದರೆ ಎಂಎಸ್ ಎಂಬ ಸಾದಾ ಉಕ್ಕು, ಅಂಟದಿದ್ದರೆ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್. ಅಪ್ಪ ಕೆಲಸ ಮಾಡುತ್ತಲೇ ಪಾಠ ಹೇಳುತ್ತಿದ್ದರು.

"ಎಂಎಸ್ ಪಾಪದ್ದು, ಓಡಿಸಿದಷ್ಟು ಓಡ್ತದೆ. ಗಟ್ಟಿ ಉಕ್ಕಿಗೆ ಕಾರ್ಬೈಡ್ ಟೂಲೇ ಆಗ್ಬೇಕು. ಎಸ್‌ಎಸ್‌ಗೆ ಮಾತ್ರ ಮೆಲ್ಲ. ಟೂಲು ಚೂಪಿರ್ಬೇಕು, ಕಚ್ಚಿಕೊಂಡು ಹೋಗ್ಬೇಕು. ಸುಮ್ನೆ ಉಜ್ಜಿದ್ರೆ ಅದಕ್ಕೆ ಸಿಟ್ಟು ಬಂದು ಕಲ್ಲಾಗ್ತದೆ."

ಮೆಲ್ಲ ಎಂದರೆ ಸರಳು ನಿಧಾನವಾಗಿ ತಿರುಗಬೇಕು, ಅದಕ್ಕೆ ಬೆಲ್ಟನ್ನು ಪುಲ್ಲಿಯ ದೊಡ್ಡ ಮೆಟ್ಟಿಲಿಗೆ ಸರಿಸಬೇಕು. ಇಷ್ಟು ನನಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು. ಏಳನೇ ಕ್ಲಾಸು ಮುಗಿದ ರಜೆಯಲ್ಲಿ ಟೂಲು ನಡೆಸುವ ಹ್ಯಾಂಡಲ್ ನನ್ನ ಕೈಗೆ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು.

ಆ ರಜೆ ಬಂತು. ಅದರ ಜೊತೆಗೇ ಘಣಸೋಲಿಯಿಂದ ಅತ್ತೆಯೂ ಬಂದರು, ಕಾಲೇಜು ಬಿಟ್ಟು ತಿರುಗುತ್ತಿದ್ದ ಮಗ ಪ್ರಶಾಂತನನ್ನು ಕರೆದುಕೊಂಡು.

"ಅಣ್ಣ, ಇವನಿಗೆ ಕೆಲಸ ಕಲಿಸು."

"ಈ ಸಲ ನನ್ನ ಸರದಿ," ಎಂದೆ.

"ಹುಡುಗಿಗೆ ಎಂತಕ್ಕೆ ಲೇತ್? ನಾಳೆ ಗಂಡನ ಮನೆಯಲ್ಲಿ ಟರ್ನಿಂಗ್ ಮಾಡ್ಲಿಕ್ಕುಂಟಾ?"

ಅಪ್ಪ ನಕ್ಕುಬಿಟ್ಟರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಹ್ಯಾಂಡಲ್ ಪ್ರಶಾಂತನ ಕೈಗೆ ಹೋಯಿತು, ನನ್ನ ಕೈಗೆ ಪೊರಕೆ ಬಂತು.

ಒಂದು ಮಧ್ಯಾಹ್ನ ಪಂಪಿನ ಶಾಫ್ಟಿನ ಕೆಲಸ ನಡೆದಿತ್ತು. ಅಪ್ಪ ಕಲ್ಯಾಣ್ ಪೇಟೆಗೆ ಹೊರಟವರು, "ಪ್ರಶಾಂತಾ, ಎಸ್‌ಎಸ್ ಉಂಟು, ಮೆಲ್ಲ ಹಾಂ," ಎಂದರು.

"ಹಾ ಮಾಮಾ, ಹಲ್ಕಾ ಹಾಥ್," ಎಂದ ಅವನು.

ಇಲ್ಲೇ ಹುಟ್ಟಿ ಬೆಳೆದವನಿಗೆ ಕನ್ನಡ ಅರ್ಧವೇ ತಲೆಗೆ ಹೋಗುತ್ತಿತ್ತು. ಅವನ ಪಾಲಿಗೆ ಮೆಲ್ಲ ಎಂದರೆ ಹಗುರ ಕೈ. ಬೆಲ್ಟು ಮುಟ್ಟಲೇ ಇಲ್ಲ. ಎಂಎಸ್ ಓಡಿಸುವ ವೇಗದಲ್ಲೇ ಓಡಿಸುತ್ತ, ಟೂಲನ್ನು ಶಾಫ್ಟಿನ ಮೇಲೆ ಬೆಣ್ಣೆ ಸವರಿದ ಹಾಗೆ ಸವರತೊಡಗಿದ. ಕಿವಿ ಕೊರೆಯುವ ಕೀಚಲು ಸದ್ದು ಎದ್ದಿತು.

"ಬೆಲ್ಟ್ ಸರಿಸು! ಉಜ್ಜಬೇಡ, ಕಚ್ಚಿಸು!" ನಾನು ಕೂಗಿದೆ.

"ತೂ ಚುಪ್ ಬೈಠ್ ನಾ," ಎಂದು ನನ್ನ ಬಾಯಿ ಮುಚ್ಚಿಸಿದ.

ಟೂಲಿನ ಮೂತಿ ಸುಟ್ಟು ನೀಲಿಯಾಯಿತು. ಶಾಫ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು, ಇನ್ನು ಏನು ಮಾಡಿದರೂ ಟೂಲು ಹತ್ತದು.

ಅಪ್ಪ ಬಂದೊಡನೆ ಎಲ್ಲವನ್ನೂ ಗಂಟಲು ಹರಿಯುವ ಹಾಗೆ ಹೇಳಿದೆ. ಅವರು ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು. ನಾನು ಹೇಳಿದ್ದು ಸರಿಯೆಂದು ಅವರಿಗೆ ಗೊತ್ತಾಯಿತು, ಮುಖದಲ್ಲೇ ಕಾಣುತ್ತಿತ್ತು.

"ಮೆಲ್ಲ ಮಾತಾಡು," ಎಂದರು. "ಹೆಣ್ಣುಮಕ್ಕಳು ಹೀಗೆ ಕಿರುಚುವುದಲ್ಲ."

ಬೇರೆ ಟೂಲು ಹಾಕಿ, ಬೆಲ್ಟು ಸರಿಸಿ, ಕಲ್ಲಾದ ಪದರದ ಅಡಿಗೆ ಇಳಿಯುವಷ್ಟು ಆಳದ ಕಟ್ ಕೊಟ್ಟರು. ಆಮೇಲೆ ಹ್ಯಾಂಡಲನ್ನು ಪುನಃ ಪ್ರಶಾಂತನಿಗೇ ಕೊಟ್ಟರು. ನಾನು ಆ ರಜೆಯಲ್ಲಿ ಮತ್ತೆ ಶೆಡ್ಡಿಗೆ ಹೋಗಲಿಲ್ಲ. ಅಪ್ಪ ಕರೆಯಲೂ ಇಲ್ಲ.

ಪ್ರಶಾಂತ ಹೆಚ್ಚು ಕಾಲ ನಿಲ್ಲಲಿಲ್ಲ, ಭಿವಂಡಿಯ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿ ಹೋದ. ಮಂಡಿ ಹಿಡಿದುಕೊಳ್ಳುವವರೆಗೂ ಅಪ್ಪ ಒಬ್ಬರೇ ದುಡಿದರು. ಮೊನ್ನೆ ಲೇತನ್ನು ಗುಜರಿಯವರಿಗೆ ಕೊಟ್ಟೆವು. ಕಲಿತವರು ಯಾರೂ ಇಲ್ಲವಲ್ಲ ಎಂದು ಅಪ್ಪ ಬೇಸರಪಟ್ಟರು. ನನ್ನೆದುರೇ ಹೇಳಿದರು, ಅದೂ ನಾಚಿಕೆಯಿಲ್ಲದೆ!

ಟೆಂಪೊಗೆ ಏರಿಸುವಾಗ ಅವರು ಕೈ ಚಾಚಿ, "ಮೆಲ್ಲ, ಮೆಲ್ಲ," ಎನ್ನುತ್ತಿದ್ದರು. ಹಮಾಲಿಗಳು ಅವರ ಮುಖವನ್ನೇ ನೋಡಿದರು. "ಹಳೂ, ಹಳೂ," ಎಂದು ಮರಾಠಿಯಲ್ಲಿ ನಾನೇ ಹೇಳಬೇಕಾಯಿತು.

ಆ ಶೆಡ್ಡಿನಲ್ಲಿ ಅಪ್ಪನ ಮೆಲ್ಲ ಸರಿಯಾಗಿ ತಿಳಿದಿದ್ದವಳು ನಾನೊಬ್ಬಳೇ. ಅದನ್ನು ಅವರು ನನ್ನ ಕೈಗೆ ಹೇಳಲಿಲ್ಲ, ಕಿರುಚಿದ ಬಾಯಿಗೆ ಹೇಳಿದರು.