ಯಾರು ಬರುತ್ತಾರೆ ಎಂಬ ಕಾಲಂ

ನಾನು ಸಮುದ್ರ ನೋಡಿದ್ದು ಜೀವಮಾನದಲ್ಲಿ ಎರಡೇ ಸಲ. ಎರಡು ಸಲವೂ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ನೆರಿಗೆ ಎತ್ತಿಕೊಂಡು ಹತ್ತು ನಿಮಿಷ ನಿಂತು, ಇಷ್ಟೇನಾ ಅಂದುಕೊಂಡು ವಾಪಸ್ ಬಂದವಳು. ಅಂಥವಳಿಗೆ ನ್ಯೂಜಿಲೆಂಡಿನ ಪೂರ್ವ ಕರಾವಳಿಯ ಒಂದು ಊರಿನಲ್ಲಿ ಯಾರ ಮನೆಗೆ ಹಳೇ ಇಟ್ಟಿಗೆಯ ಚಿಮಣಿ ಇದೆ, ಯಾರ ಬಿಸಿನೀರಿನ ಟ್ಯಾಂಕನ್ನು ಗೋಡೆಗೆ ಬಿಗಿದಿಲ್ಲ, ಯಾರಿಗೆ ಮಂಡಿನೋವು, ಯಾರಿಗೆ ಎಡಗಿವಿ ಕೇಳಿಸುವುದಿಲ್ಲ ಎಲ್ಲ ಗೊತ್ತಿತ್ತು. ವರ್ತೂರಿನಲ್ಲಿ ನನ್ನ ಅಡುಗೆಮನೆ ಗೋಡೆಯ ಆಚೆ ಬದಿಗೆ ಎಷ್ಟು ಜನ ಇದ್ದಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕೆಲಸವೇ ಹಾಗಿತ್ತು. ಆ ಊರಿನ ಕಡಲಿನಡಿಯಲ್ಲಿ ನೆಲ ಬಿರಿದ ಒಂದು ಉದ್ದನೆಯ ಗೆರೆಯಿದೆ. ಅಲ್ಲಿ ಒಂದು ದೊಡ್ಡ ಬಂಡೆಪದರ ಇನ್ನೊಂದರ ಅಡಿಗೆ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡು ಕೂತಿದೆ. ಯಾವತ್ತೋ ಒಂದು ದಿನ ಅದು ಜಾರುತ್ತದೆ. ನಾಳೆಯೂ ಆಗಬಹುದು, ನಾವೆಲ್ಲ ಹೋದ ಮೇಲೂ ಆಗಬಹುದು. ಜಾರಿದರೆ ಮೊದಲು ನೆಲ ನಡುಗುತ್ತದೆ, ಆಮೇಲೆ ಕಡಲು ಎದ್ದು ಬರುತ್ತದೆ. ನಡುವೆ ಸಿಗುವ ಚೂರು ಹೊತ್ತಿನಲ್ಲಿ ಜನ ಗುಡ್ಡ ಹತ್ತಿರಬೇಕು. ಹತ್ತಲಾಗದ, ಒಂಟಿಯಾಗಿರುವ ವಯಸ್ಸಾದವರಿಗೆಲ್ಲ ಫೋನ್ ಮಾಡಿ ಪಟ್ಟಿ ಸಿದ್ಧಪಡಿಸುವ ಕೆಲಸ ವೈಟ್‌ಫೀಲ್ಡಿನ ನಮ್ಮ ಕಂಪನಿಗೆ ಬಂದಿತ್ತು.

ಬೆಳಗ್ಗೆ ಐದೂವರೆಗೆ ಶಿಫ್ಟು. ಅಲ್ಲಿ ಆಗಲೇ ಮಧ್ಯಾಹ್ನ. ವಾರದಲ್ಲಿ ಎರಡು ದಿನ ಆಫೀಸು, ಮೂರು ದಿನ ಮನೆಯಿಂದಲೇ. ಐವತ್ತೊಂದು ವರ್ಷದವಳನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂದುಕೊಂಡೇ ಇಂಟರ್‌ವ್ಯೂಗೆ ಹೋಗಿದ್ದೆ. ವಯಸ್ಸಾದವರ ಜತೆ ತಾಳ್ಮೆಯಿಂದ ಮಾತಾಡಲು ಸ್ವಲ್ಪ ಮಾಗಿದ ದನಿ ಬೇಕಿತ್ತಂತೆ. ನನಗೆ ತಾಳ್ಮೆ ಇಲ್ಲ, ದನಿ ಇತ್ತು. ಅಷ್ಟು ಸಾಕಾಯಿತು.

ಒಂದು ಕರೆಗೆ ಏಳು ನಿಮಿಷ. ಇಪ್ಪತ್ತು ಪ್ರಶ್ನೆಗಳ ಫಾರಂ. ಕೊನೆಯ ಪ್ರಶ್ನೆ: ನೆಲ ನಡುಗಿದ ಮೇಲೆ ನಿಮ್ಮನ್ನು ಗುಡ್ಡಕ್ಕೆ ಕರೆದೊಯ್ಯಲು ಯಾರು ಬರುತ್ತಾರೆ? ಮಕ್ಕಳು, ಸ್ನೇಹಿತರು, ಪಕ್ಕದ ಮನೆಯವರು, ಯಾರೂ ಇಲ್ಲ, ಇಷ್ಟರಲ್ಲಿ ಒಂದನ್ನು ಆರಿಸಬೇಕು. ‘ಯಾರೂ ಇಲ್ಲ’ ಎಂದು ಒತ್ತಿದರೆ ಫಾರಂ ಕೆಂಪಾಗುತ್ತಿತ್ತು. ಕೆಂಪು ಫಾರಂ ಆ ಊರಿನ ಸ್ವಯಂಸೇವಕರ ಕೈಗೆ ಹೋಗಬೇಕು, ಅವರು ಒಬ್ಬರನ್ನು ಗೊತ್ತುಮಾಡಬೇಕು, ಅಲ್ಲಿಯವರೆಗೆ ನಮ್ಮ ಲೆಕ್ಕದಲ್ಲಿ ಆ ಕರೆ ಮುಗಿದಿಲ್ಲ. ಹಾಗಾಗಿ ನಮ್ಮ ಫ್ಲೋರಿನಲ್ಲಿ ಕೆಂಪು ಯಾರಿಗೂ ಬೇಕಿರಲಿಲ್ಲ.

ನಮ್ಮ ಟೀಮ್ ಲೀಡ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮೊದಲ ವಾರವೇ ಹೇಳಿಕೊಟ್ಟಿದ್ದಳು: “ನೈಬರ್ ಅಂತ ಹಾಕ್ಬಿಡಿ ಮೇಡಂ. ಪಕ್ಕದ್ಮನೆ ಅಂತ ಎಲ್ರಿಗೂ ಒಂದು ಇದ್ದೇ ಇರುತ್ತಲ್ವಾ?”

ನನಗೂ ಅದು ಸುಳ್ಳು ಅನ್ನಿಸಲಿಲ್ಲ. ನಾನು ಬೆಳೆದದ್ದು ಪೀಣ್ಯದ ಆಚೆ, ನಾಗಸಂದ್ರದ ಕಡೆಯ ಸಾಲುಮನೆಯಲ್ಲಿ. ಅಪ್ಪನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಕೆಲಸ. ಒಂದು ದಿನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಕೂಗುವ ಮೊದಲೇ ಪಕ್ಕದ ಮನೆಯ ಅತ್ತೆ ಸೌಟು ಕೈಯಲ್ಲಿ ಹಿಡಿದೇ ಓಡಿಬಂದಿದ್ದರು. ಅವರು ನಮಗೆ ನೆಂಟರಲ್ಲ, ಅತ್ತೆ ಅಂತ ಕರೆಯುತ್ತಿದ್ದೆವು ಅಷ್ಟೇ. ಅವರಿಗೂ ಅಮ್ಮನಿಗೂ ನಲ್ಲಿ ನೀರಿಗಾಗಿ ವಾರಕ್ಕೊಮ್ಮೆ ಜಗಳ ಗ್ಯಾರಂಟಿ. ಆದರೂ ಆ ಮೂರು ತಿಂಗಳು ನಮ್ಮ ಮನೆಗೆ ಅನ್ನ ಬಂದದ್ದು ಅವರ ಒಲೆಯಿಂದ. ಪಕ್ಕದ ಮನೆ ಅಂದರೆ ನನ್ನ ತಲೆಯಲ್ಲಿದ್ದದ್ದು ಅದು. ಅದನ್ನೇ ಹೊತ್ತುಕೊಂಡು ಹೋಗಿ ಗೊತ್ತಿಲ್ಲದ ದೇಶದ ಫಾರಂಗಳಲ್ಲಿ ತುಂಬಿದೆ.

ಆ ಊರಿನ ಒಬ್ಬ ಹೆಂಗಸಿಗೆ ಮೊದಲು ಫೋನ್ ಮಾಡಿದ್ದು ಜೂನಿನಲ್ಲಿ. ಎಂಬತ್ತೆರಡು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿ ಹೋಗಿದೆ.

“ಚಿಮಣಿ ಇದೆಯಾ?” ಎಂದು ಕೇಳಿದೆ.

“ಇದೆ. ನಾನು ಬೀಳೋಕೆ ಮೊದಲು ಅದು ಬೀಳುತ್ತೋ, ಅದಕ್ಕಿಂತ ಮೊದಲು ನಾನೋ, ನೋಡಬೇಕು.”

“ಗುಡ್ಡದ ದಾರಿ ನಡೆಯೋಕೆ ಆಗುತ್ತಾ?”

“ಅಂಚೆ ಡಬ್ಬಿವರೆಗೂ ಆಗುತ್ತೆ. ಗುಡ್ಡ ಇರೋದು ಅದರಾಚೆ.”

ಕೊನೆಯ ಪ್ರಶ್ನೆ ಕೇಳಿದಾಗ ಅವರು ಹೇಳಿದರು: “ಪಕ್ಕದ ಮನೆಯವರು ಬೇಸಿಗೆ ರಜೆಗೆ ಮಾತ್ರ ಬರ್ತಾರೆ. ಮಿಕ್ಕ ತಿಂಗಳು ಬೀಗ.” ಆಮೇಲೆ, ನಿಮ್ಮ ಊರಲ್ಲಿ ಮಳೆಯಾ, ಬೆಳಗ್ಗೆ ಏನು ತಿಂದಿರಿ, ಉಪ್ಪಿಟ್ಟು ಅಂದರೆ ಏನು, ಎಂದೆಲ್ಲ ಕೇಳಿದರು. ಹನ್ನೊಂದು ನಿಮಿಷವಾಗಿತ್ತು. ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರ ಮಿನುಗುತ್ತಿತ್ತು. ನನಗೆ ರೇಗಿತು. ಅವರ ಮೇಲಲ್ಲ, ಗಡಿಯಾರದ ಮೇಲೆ; ಆದರೆ ಶಿಕ್ಷೆ ಬಿದ್ದದ್ದು ಅವರಿಗೆ. ಬೀಗ ಹಾಕಿದ ಮನೆ ಅಂತ ಕಿವಿಯಾರೆ ಕೇಳಿಯೂ ‘ಪಕ್ಕದ ಮನೆಯವರು’ ಎಂದು ಒತ್ತಿದೆ. ಫಾರಂ ಹಸಿರಾಯಿತು.

ಆಗಸ್ಟಿನ ಒಂದು ದಿನ ಅಲ್ಲಿ ನೆಲ ನಡುಗಿತು. ಎಲ್ಲರೂ ಕಾಯುತ್ತಿದ್ದ ಆ ದೊಡ್ಡ ಜಾರುವಿಕೆ ಅಲ್ಲ, ಆದರೂ ತುಂಬ ಹೊತ್ತು ನಡುಗಿತಂತೆ. ಸೈರನ್ ಆಯಿತು, ಜನ ಗುಡ್ಡ ಹತ್ತಿದರು, ಅಲೆ ಬರಲಿಲ್ಲ, ಇಳಿದರು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಫ್ಲೋರಿನಲ್ಲಿ ಸದ್ಯ ಬಚಾವ್ ಎಂದು ಎಲ್ಲರೂ ಟೀ ಕುಡಿದೆವು. ಮಾರನೇ ದಿನ ಪಟ್ಟಿಯಲ್ಲಿದ್ದವರಿಗೆಲ್ಲ ಕರೆ ಮಾಡಿ ಹೇಗಿದ್ದೀರಿ ಎಂದು ಕೇಳಬೇಕೆಂದು ಅಪ್ಪಣೆಯಾಯಿತು. ನಾನು ಮನೆಯಿಂದ ಕೆಲಸ ಮಾಡುವ ದಿನ ಅದು. ಆ ಹೆಂಗಸಿನ ನಂಬರು ಬಂತು.

“ಚೆನ್ನಾಗಿದೀನಿ ಡಿಯರ್. ಚಿಮಣಿನೂ ಚೆನ್ನಾಗಿದೆ” ಎಂದರು.

“ಗುಡ್ಡಕ್ಕೆ ಹೋದ್ರಾ?”

“ಇಲ್ಲ. ಕೋಟು ಹಾಕ್ಕೊಂಡು, ಮಾತ್ರೆ ಇಟ್ಟ ಬ್ಯಾಗು ತೊಡೆ ಮೇಲಿಟ್ಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಯಂಸೇವಕರ ವ್ಯಾನು ಬಂತು. ಕೆಳಗಿನ ಮನೆ ಮುಂದೆ ನಿಂತು ಅವರನ್ನ ಹತ್ತಿಸಿಕೊಂಡ್ರು. ನಾನು ಕೈ ಎತ್ತಿದೆ. ಅವರೂ ಕೈ ಬೀಸಿ ಮುಂದೆ ಹೋದ್ರು.”

ನಾನು ಅವರ ಫಾರಂ ತೆರೆದೆ. ಹಸಿರಾಗಿಯೇ ಇತ್ತು.

“ಸಾಯಂಕಾಲ ಬಂದು ಪಾಪ ಕ್ಷಮೆ ಕೇಳಿದ್ರು. ಪಟ್ಟಿ ಪ್ರಕಾರ ನನಗೆ ಯಾರೋ ಇದಾರಂತೆ. ಪಕ್ಕದ ಮನೆಯವರಂತೆ. ಅದ್ಯಾರು ಅಂತ ನಿಮಗೇನಾದರೂ ಗೊತ್ತಾ?”

“ಗೊತ್ತಿಲ್ಲ ಮೇಡಂ, ವಿಚಾರಿಸ್ತೀನಿ” ಎಂದೆ. ಆ ವಾಕ್ಯ ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಫೋನಿಟ್ಟ ಮೇಲೆ ಕೆಲಸ ಮುಂದುವರಿಸಿದೆ. ಕರೆಗಳು ಇನ್ನೂ ಬಾಕಿ ಇದ್ದವು.

ಅದೇ ವಾರ ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ಊಟಕ್ಕೆ ಕೂತಿದ್ದೆ. ಆಕಾಶವೇ ತಲೆ ಮೇಲೆ ಬಿದ್ದಂಥ ಒಂದು ಸದ್ದು. ಕಿಟಕಿ ಗಾಜೆಲ್ಲ ಗಡಗಡ ಎಂದಿತು, ಸ್ಟ್ಯಾಂಡಿನಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ಫೋನಿನಲ್ಲಿ ಎಷ್ಟೋ ಜನಕ್ಕೆ ಹೇಳಿಕೊಟ್ಟ ಪಾಠ, ಕಾಲು ತಾನೇ ಮಾಡಿತು. ಟೇಬಲಿನ ಕೆಳಗೆ ನುಗ್ಗಿ, ಸಾರು ಮೆತ್ತಿದ ಕೈಯಲ್ಲೇ ಅದರ ಕಾಲು ಹಿಡಿದುಕೊಂಡೆ. ನಮ್ಮದು ಕೆಳಗೆ ಬರೀ ಕಂಬ ನಿಲ್ಲಿಸಿ ಕಾರು ಬಿಡುವ ಜಾಗ ಮಾಡಿ, ಮೇಲೆ ನಾಲ್ಕು ಮಹಡಿ ಎಬ್ಬಿಸಿದ ಕಟ್ಟಡ. ಅಂಥದ್ದು ಆ ಕರಾವಳಿಯಲ್ಲಿದ್ದರೆ ಮೊದಲು ಕುಸಿಯುವ ಕಟ್ಟಡ ಎಂದು ಫಾರಂನಲ್ಲಿ ಬರೆಯುತ್ತಿದ್ದೆ.

ಮೆಟ್ಟಿಲ ಮೇಲೆ ದಡದಡ ಹೆಜ್ಜೆ. ಮೇಲಿನವರು ಇಳಿದರು. ಪಕ್ಕದ ಮನೆಯ ಬಾಗಿಲು ತೆರೆಯಿತು, ಮಗುವನ್ನು ಯಾರೋ ಕೂಗಿದರು, ಅವರೂ ಇಳಿದರು. ನನ್ನ ಬಾಗಿಲ ಮುಂದಿನಿಂದಲೇ ಎಲ್ಲರೂ ಹೋದರು. ಈಗ ತಟ್ಟುತ್ತಾರೆ, ಈಗ ತಟ್ಟುತ್ತಾರೆ ಎಂದು ಟೇಬಲಿನ ಕೆಳಗೆ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಆಮೇಲೆ ಮೆಟ್ಟಿಲು ನಿಶ್ಶಬ್ದವಾಯಿತು. ಕೈ ಮೇಲಿನ ಸಾರು ಒಣಗಿತ್ತು. ಅಷ್ಟು ಒಂಟಿಯಾಗಿ ನಾನು ಅಮ್ಮ ಸತ್ತ ದಿನವೂ ಇರಲಿಲ್ಲ.

ಕೈ ತೊಳೆದು ಕೆಳಗಿಳಿದೆ. ರಸ್ತೆಯಲ್ಲಿ ಜನವೋ ಜನ. ಮನೆಯ ಮಾಲೀಕರು ಈ ಊರಿನ ಹಳಬರು; ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಕಟ್ಟಡ ಎಬ್ಬಿಸಿದವರು. ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. “ಏನಿಲ್ಲ ಬುಡ್ರಪ್ಪ, ಯಾವ್ದೋ ಇಮಾನ ಜೋರಾಗಿ ಓಗ್ಯದೆ ಅಷ್ಟೇಯ. ನಮ್ಮೂರು ಬಂಡೆ ಮ್ಯಾಲೆ ಕೂತದೆ, ಅಲ್ಲಾಡಾಕಿಲ್ಲ.” ನನ್ನನ್ನು ನೋಡಿ, “ನೀವು ಎರಡನೇ ಫ್ಲೋರಾ ಮೂರನೇದಾ ಅಮ್ಮ?” ಎಂದರು. ಅಲ್ಲಿ ನಾನು ಐದು ವರ್ಷದಿಂದ ಇದ್ದೆ.

ಪಕ್ಕದ ಮನೆಯಾಕೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಸಣ್ಣಗಾಯಿತು.

“ಅಯ್ಯೋ, ನೀವು ಮನೇಲಿದ್ರಾ ಮೇಡಂ? ತಟ್ಟಬೇಕು ಅಂತ ಅಂದ್ಕೊಂಡೆ. ಆಮೇಲೆ, ನಿಮ್ಮನೇಲಿ ಜನ ಇದಾರಲ್ವಾ, ಕರ್ಕೊಂಡು ಬರ್ತಾರೆ ಅಂದ್ಕೊಂಡು ಬಂದ್ಬಿಟ್ಟೆ.”

“ಯಾವ ಜನ?”

“ದಿನಾ ಬೆಳಗ್ಗೆ ಮಾತು ಕೇಳಿಸ್ತಿರುತ್ತಲ್ಲ. ಯಾರೋ ವಯಸ್ಸಾದವರನ್ನ ನೋಡ್ಕೊಳ್ತಿದೀರ ಅಂತ ನಮ್ಮನೆಯವರಿಗೂ ಹೇಳಿದ್ದೆ. ನಡಿಯೋಕೆ ಆಗುತ್ತಾ, ಮಾತ್ರೆ ತಗೊಂಡ್ರಾ ಅಂತೆಲ್ಲ ಇಂಗ್ಲಿಷಲ್ಲಿ ಕೇಳ್ತಿರ್ತೀರ.”

ಅವಳ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಅವಳೂ ನನ್ನ ಫಾರಂ ತುಂಬಿದ್ದಳು, ನಾನು ತುಂಬಿದ ಹಾಗೆಯೇ. ವ್ಯತ್ಯಾಸ ಒಂದೇ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮಾರನೇ ದಿನ ಆಫೀಸಿಗೆ ಹೋಗಿ ಟೀಮ್ ಲೀಡ್ ಮುಂದೆ ಕೂತೆ. “ನಾನು ಸುಳ್ಳು ತುಂಬಿದೀನಿ. ಆ ಕಾಲಂ ಎಲ್ಲ ಮತ್ತೆ ಕೇಳ್ಬೇಕು” ಎಂದೆ.

ಅವಳು ಎದ್ದು ಗಾಜಿನ ಬಾಗಿಲು ಹಾಕಿದಳು. “ಮೇಡಂ, ಎಲ್ರೂ ಅದನ್ನೇ ಹಾಕಿರೋದು. ಈಗ ಕೆದಕಿದ್ರೆ ಪ್ರಾಜೆಕ್ಟೇ ಹೋಗುತ್ತೆ. ಅಲೆ ಬರಲಿಲ್ವಲ್ಲ, ಬಿಟ್ಬಿಡಿ.”

“ಬಂದಿದ್ರೆ?”

ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಅವಳನ್ನು ಬೈಯಲಾರೆ, ಅವಳ ಕೆಳಗೆ ಹದಿನಾಲ್ಕು ಜನರ ಕೆಲಸ ಇತ್ತು. ನನ್ನ ಕೆಳಗೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಒಂಟಿಯಾಗಿರುವುದರಿಂದ ಅಷ್ಟು ಉಪಯೋಗವಾದರೂ ಆಗಲಿ ಎಂದುಕೊಂಡು, ಬೇರೆಯವರ ಸುದ್ದಿ ಎತ್ತದೆ, ನನ್ನ ಹೆಸರಿನಲ್ಲಿದ್ದ ಫಾರಂಗಳು ತಪ್ಪು ಎಂದಷ್ಟೇ ಬರೆದು ಆ ಊರಿನವರಿಗೆ ಮೇಲ್ ಕಳಿಸಿದೆ. ನಾಲ್ಕು ದಿನ ನನ್ನ ಜತೆ ಯಾರೂ ಊಟಕ್ಕೆ ಕೂರಲಿಲ್ಲ. ಐದನೇ ದಿನ ಉತ್ತರ ಬಂತು. ನನ್ನ ಫಾರಂಗಳನ್ನೆಲ್ಲ ನಾನೇ ಇನ್ನೊಮ್ಮೆ ಕರೆ ಮಾಡಿ ಸರಿಪಡಿಸಬೇಕು. ಅದು ಮುಗಿದ ಮೇಲೆ ನನ್ನನ್ನು ಕರೆಗಳಿಂದ ತೆಗೆದು, ಉಪಗ್ರಹದ ಫೋಟೋ ನೋಡಿ ಮನೆಯ ಛಾವಣಿ ಗುರುತಿಸುವ ಕೆಲಸಕ್ಕೆ ಹಾಕುತ್ತಾರೆ. ಛಾವಣಿಗಳು ಉಪ್ಪಿಟ್ಟು ಅಂದರೇನು ಎಂದು ಕೇಳುವುದಿಲ್ಲ.

ಆ ಹೆಂಗಸಿನ ನಂಬರನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಶುಕ್ರವಾರ, ಮನೆಯಿಂದ. ಗೋಡೆಯಾಚೆ ಕುಕ್ಕರ್ ಕೂಗುತ್ತಿತ್ತು.

“ಆವತ್ತು ಕೇಳಿದ್ರಲ್ಲ, ಪಟ್ಟಿಯಲ್ಲಿರೋ ಪಕ್ಕದ ಮನೆಯವರು ಯಾರು ಅಂತ. ಹಾಗೆ ಬರೆದದ್ದು ನಾನು. ಬೀಗ ಹಾಕಿದೆ ಅಂತ ನೀವು ಹೇಳಿದ ಮೇಲೂ ಬರೆದೆ. ನನ್ನದೇ ತಪ್ಪು.”

ಫೋನಿಡುತ್ತಾರೆ ಅಂದುಕೊಂಡೆ. ಇಟ್ಟಿದ್ದರೂ ತಪ್ಪಿರಲಿಲ್ಲ.

“ಆ ವ್ಯಾನು ಹೋದ ಮೇಲೆ ನನಗೆ ಅಲೆಯ ಭಯ ಆಗಲಿಲ್ಲ” ಎಂದರು. “ನಾನು ಇದೀನಿ ಅಂತ ಯಾರಿಗೂ ಗೊತ್ತೇ ಇಲ್ವೇನೋ ಅನ್ನಿಸ್ತು. ಅದು ತುಂಬಾ ಕೆಟ್ಟದಾಗಿತ್ತು.”

“ನನಗೆ ಗೊತ್ತು” ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿ ಗೊತ್ತಿತ್ತು.

“ಸರಿ. ಈಗ ಸರಿಯಾಗಿ ಬರೀರಿ.”

ಕೊನೆಯ ಪ್ರಶ್ನೆಯನ್ನು ಮೊದಲಿನಿಂದ ಓದಿದೆ. ಅವರು “ಯಾರೂ ಇಲ್ಲ” ಎಂದರು. ಒತ್ತಿದೆ. ಫಾರಂ ಕೆಂಪಾಯಿತು. ಇನ್ನು ವ್ಯಾನು ಮೊದಲು ನಿಮ್ಮ ಮನೆಗೇ ಬರುತ್ತದೆ, ಯಾರು ಬರುತ್ತಾರೆಂದು ಈ ವಾರವೇ ತಿಳಿಸುತ್ತಾರೆ ಎಂದು ಹೇಳಿ, ನಮಸ್ಕಾರ ಹೇಳಲು ಹೊರಟೆ.

“ತಾಳಿ, ತಾಳಿ. ನಿಮ್ಮಲ್ಲಿ ನೆಲ ನಡುಗಿದರೆ ನಿಮ್ಮನ್ನ ಕರೆದುಕೊಂಡು ಹೋಗೋಕೆ ಯಾರು ಬರ್ತಾರೆ?”

“ನಮ್ಮೂರಲ್ಲಿ ನೆಲ ನಡುಗಲ್ಲ ಮೇಡಂ. ಬಂಡೆ ಮೇಲಿದೆ.”

“ನಾನು ನೆಲದ ವಿಷಯ ಕೇಳಲಿಲ್ಲ.”

ಬಾಯಿ ಅಭ್ಯಾಸದಂತೆ ಪಕ್ಕದ ಮನೆಯವರು ಎನ್ನಲು ಹೊರಟಿತು. ತಡೆದುಕೊಂಡೆ.

“ಯಾರೂ ಇಲ್ಲ” ಎಂದೆ.

ಆ ಕಡೆ ಡ್ರಾಯರು ಎಳೆದ ಸದ್ದಾಯಿತು. ಅವರು ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೇಳಿಕೊಂಡರು. ಕಾಗದದ ಮೇಲೆ ಪೆನ್ನು ಓಡುವುದು ಕೇಳಿಸಿತು.

“ಬರ್ಕೊಂಡೆ” ಎಂದರು.